ಜಾರ್ಜ್ ಜೋನ್ಸ್‌ಗೇ ಬೇಡವಾಗಿದ್ದ ಹಾಡು

ಪ್ರೀತಿಯ ಗೆಳೆಯಾ,

ನಾವೆಲ್ಲರೂ ಕ್ಷೇಮ. ಅಮೆರಿಕದ ಹಳ್ಳಿಗಾಡಿನ ಜನಪದ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದಲ್ಲಿ ಒಂದೇ ಒಂದು ಹಾಡು ಕೇಳುವುದಾದರೆ ಯಾವುದನ್ನು ಕೇಳಲಿ ಎಂದು ಬರೆದಿದ್ದೆಯಲ್ಲ. ಜಾರ್ಜ್ ಜೋನ್ಸ್ ಹಾಡಿರುವ ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ ಕೇಳು.

‘ಇವತ್ತು ಅವನು ಅವಳನ್ನು ಪ್ರೀತಿಸುವುದನ್ನು ಬಿಟ್ಟ’ ಎಂಬ ಈ ಸಾಲನ್ನು ಓದಿದರೆ, ಯಾವನೋ ಭಗ್ನಪ್ರೇಮಿ ಕೊನೆಗೂ ಚೇತರಿಸಿಕೊಂಡ ಎಂದೇ ಅನಿಸುತ್ತದೆ. ಸಾಯುವ ತನಕ ಪ್ರೀತಿಸುತ್ತೇನೆಂದು ಅವನು ಹೇಳಿದ್ದ, ಕಾಲ ಕಳೆದಂತೆ ಮರೆಯುತ್ತೀ ಎಂದು ಅವಳು ಹೇಳಿದ್ದಳು. ಅವಳ ಚಿತ್ರ ಅವನ ಗೋಡೆಯ ಮೇಲೆಯೇ ಉಳಿಯಿತು. ಹಾಸಿಗೆಯ ಪಕ್ಕದಲ್ಲಿ 1962ರ ತಾರೀಖಿನ ಪತ್ರಗಳಿದ್ದವು, ಅವುಗಳಲ್ಲಿ ಪ್ರೀತಿಯ ಮಾತು ಬಂದಲ್ಲೆಲ್ಲ ಅವನು ಕೆಂಪು ಗೆರೆ ಎಳೆದಿದ್ದ. ಇದನ್ನೆಲ್ಲ ಹೇಳುತ್ತಿರುವವನು ಆ ಪ್ರೇಮಿಯಲ್ಲ, ಅವನನ್ನು ಬಲ್ಲ ಇನ್ನೊಬ್ಬ. ಇವತ್ತು ನೋಡಲು ಹೋಗಿದ್ದೆ, ಅವನ ಕಣ್ಣಲ್ಲಿ ನೀರಿರಲಿಲ್ಲ, ಹೊರಡುವುದಕ್ಕೆಂದು ಚೆನ್ನಾಗಿ ಉಡುಪು ತೊಟ್ಟಿದ್ದ, ಎಷ್ಟೋ ವರ್ಷಗಳ ಮೇಲೆ ಅವನ ಮುಖದಲ್ಲಿ ನಗು ಕಂಡೆ ಎನ್ನುತ್ತಾನೆ. ಮರುಕ್ಷಣವೇ ತಂತಿವಾದ್ಯಗಳು ಮೇಲಕ್ಕೇರುತ್ತವೆ, ಅವನ ಬಾಗಿಲಿಗೆ, ಅಲ್ಲಿ ಸಾವಾದ ಮನೆಗೆ ಇಡುವ ಹೂಚಕ್ರ ಇಟ್ಟರೆಂಬ ಸಾಲು ಬರುತ್ತದೆ. ಸಾವು ಎಂಬ ಪದವನ್ನು ಅಲ್ಲಿ ಬಳಸದೆಯೇ ಸಾವನ್ನು ತಿಳಿಸಿದ ಆ ಜಾಗದಲ್ಲಿ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಹಾಡನ್ನು ಬರೆದವರು ಬಾಬಿ ಬ್ರಾಡಕ್ ಮತ್ತು ಕರ್ಲಿ ಪುಟ್ಮನ್. ನಿರ್ಮಾಪಕ ಬಿಲ್ಲಿ ಶೆರಿಲ್ ಅದನ್ನು ಆ ಇಬ್ಬರಿಂದ ಮತ್ತೆ ಮತ್ತೆ ತಿದ್ದಿಸಿದರು. ಬಿಟ್ಟುಹೋದವಳು ಕೊನೆಯ ದರ್ಶನಕ್ಕೆ ಬರುವ ಭಾಗ ಸೇರಿದ್ದು ಹಾಗೆ. ಜೋನ್ಸ್‌ಗೆ ಮಾತ್ರ ಇದು ಒಗ್ಗಲಿಲ್ಲ. ಇಷ್ಟು ಸೂತಕದ ಹಾಡನ್ನು ಯಾರೂ ಕೊಳ್ಳುವುದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ಕುಡಿತ ಅವರನ್ನು ಹಾಳುಮಾಡಿದ್ದ ಕಾಲವದು. ಹಾಡುವಾಗ ರಾಗ ಬೇರೊಂದು ಹಾಡಿನ ಕಡೆಗೆ ಜಾರುತ್ತಿತ್ತು. ಅವಳು ಬಂದುದನ್ನು ಮಾತಿನಲ್ಲಿ ಹೇಳುವ ನಾಲ್ಕು ಸಾಲುಗಳಂತೂ ಇನ್ನೂ ಕಷ್ಟವಾದವು, ಏಕೆಂದರೆ ಕುಡಿದಾಗ ಹಾಡಬಲ್ಲವರಾಗಿದ್ದರೂ ಮಾತನಾಡಿದರೆ ನಾಲಿಗೆ ತೊದಲುತ್ತಿತ್ತು.

1980ರ ಏಪ್ರಿಲ್‌ನಲ್ಲಿ ಹೊರಬಂದ ಈ ಹಾಡು, ಆರು ವರ್ಷಗಳಿಂದ ಒಂಟಿಯಾಗಿ ಹಾಡಿ ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಅಗ್ರಸ್ಥಾನ ಕಾಣದಿದ್ದ ಅವರನ್ನು ಮತ್ತೆ ಅಲ್ಲಿಗೆ ಕೊಂಡೊಯ್ದಿತು, ಗ್ರ್ಯಾಮಿ ಸಂಗೀತ ಪ್ರಶಸ್ತಿಯನ್ನೂ ತಂದಿತು. ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಇದನ್ನು 1980 ಮತ್ತು 1981 ಎರಡೂ ವರ್ಷ ವರ್ಷದ ಹಾಡೆಂದು ಗೌರವಿಸಿತು. ಇಷ್ಟು ಕಾಲ ಇದು ಬಾಳಿದ್ದು ಪ್ರಶಸ್ತಿಗಳಿಂದ ಎಂದು ನಾನು ನಂಬುವುದಿಲ್ಲ. ಹೇಳುವವನು ಎಲ್ಲಿಯೂ ಗೋಳಿಡುವುದಿಲ್ಲ, ಅವಳನ್ನು ದೂರುವುದೂ ಇಲ್ಲ. ಕಂಡದ್ದನ್ನು ಕಂಡಂತೆ ಹೇಳಿ, ಅಳುವುದನ್ನು ಕೇಳುವವರಿಗೆ ಬಿಡುತ್ತಾನೆ. ಜೋನ್ಸ್ ಅವರ ಸೋತ ದನಿಯೂ ಅಲ್ಲಿ ನಟಿಸಿದ್ದಲ್ಲ.

2013ರ ಮೇ 2ರಂದು ನ್ಯಾಶ್‌ವಿಲ್‌ನಲ್ಲಿರುವ ಕಂಟ್ರಿ ಸಂಗೀತದ ಹೆಸರಾಂತ ವೇದಿಕೆ ಗ್ರ್ಯಾಂಡ್ ಓಲ್ ಓಪ್ರಿಯಲ್ಲಿ ಅವರ ಅಂತ್ಯಸಂಸ್ಕಾರದ ಸಭೆ ನಡೆದಾಗ ಗಾಯಕ ಅಲನ್ ಜಾಕ್ಸನ್ ಇದೇ ಹಾಡನ್ನು ಹಾಡಿ, ಕೊನೆಗೆ ಟೋಪಿ ತೆಗೆದು ಎದೆಗೊತ್ತಿಕೊಂಡರು. ಅದರ ವಿಡಿಯೊ ಸಿಗುತ್ತದೆ. ಆದರೆ ಮೊದಲು ಜೋನ್ಸ್ ಅವರದನ್ನೇ ರಾತ್ರಿ ಒಬ್ಬನೇ ಕುಳಿತು ಕೇಳು, ಕೆಂಪು ಗೆರೆಯ ಸಾಲನ್ನು ಮಾತ್ರ ತಪ್ಪಿಸಿಕೊಳ್ಳಬೇಡ. ಕೇಳಿದ ಮೇಲೆ ಬರೆ.

ಇಂತಿ ನಿನ್ನ ಗೆಳೆಯ