ಗೆಳೆಯನಿಗೊಂದು ಪತ್ರ: ನಿನ್ನ ನರ್ಸರಿಗೆ ಗ್ಯಾಸ್ ಪಿಕಪ್ಪೋ, ಡೀಸೆಲ್ ಪಿಕಪ್ಪೋ?

ಪ್ರೀತಿಯ ಗೆಳೆಯನಿಗೆ ನಮಸ್ಕಾರ.

ಹೆಸರಘಟ್ಟದ ನರ್ಸರಿಗೆ ಸ್ವಂತ ಪಿಕಪ್ ಕೊಳ್ಳಬೇಕೆಂದಿರುವೆ, ಸಿಎನ್‌ಜಿ (ಒತ್ತಿ ತುಂಬಿದ ನೈಸರ್ಗಿಕ ಅನಿಲ) ತೆಗೆದುಕೊಳ್ಳಲೋ ಡೀಸೆಲ್ ತೆಗೆದುಕೊಳ್ಳಲೋ ಎಂದು ಕೇಳಿದ್ದೀಯ. ಐದು ವರ್ಷ ಕಂತು ಕಟ್ಟಬೇಕಾದ ವಿಷಯವನ್ನು ಫೋನಿನಲ್ಲಿ ಒಂದೇ ಮಾತಿಗೆ ಮುಗಿಸಲು ಮನಸ್ಸು ಬರಲಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಿಲೋಮೀಟರಿಗೆ ಎಷ್ಟು ರೂಪಾಯಿ ಬೀಳುತ್ತದೆ ಎಂಬ ಲೆಕ್ಕದಿಂದ ನೀನು ಹೊರಟಿದ್ದೀಯ. ನಾನೂ ಅಲ್ಲಿಂದಲೇ ಹೊರಟಿದ್ದೆ. ಒಂದು ಕೆಜಿ ಸಿಎನ್‌ಜಿಯಲ್ಲಿ ಒಂದು ಲೀಟರ್ ಡೀಸೆಲ್‌ಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚು ಶಕ್ತಿ ಇರುವುದು ನಿಜ. ಆದರೆ ಆ ಗ್ಯಾಸನ್ನು ಉರಿಸುವುದು ಪೆಟ್ರೋಲಿಗಾಗಿ ರೂಪಿಸಿದ ಎಂಜಿನ್. ಗಾಳಿಯನ್ನು ಹೆಚ್ಚು ಒತ್ತಿ ಉರಿಸುವ ಡೀಸೆಲ್ ಎಂಜಿನ್ ಅಷ್ಟೇ ಶಕ್ತಿಯಿಂದ ಹೆಚ್ಚು ಕೆಲಸ ತೆಗೆಯುವುದರಿಂದ, ಗ್ಯಾಸಿನ ಲಾಭದ ಬಹುಪಾಲು ಅಲ್ಲಿಯೇ ಕರಗುತ್ತದೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿದ ಮೇಲೂ ಬೆಂಗಳೂರಿನಲ್ಲಿ ಕೆಜಿ ಗ್ಯಾಸಿಗೂ ಲೀಟರ್ ಡೀಸೆಲ್ಲಿಗೂ ಬೆಲೆಯಲ್ಲಿ ದೊಡ್ಡ ಅಂತರ ಕಾಣಲಿಲ್ಲ. ಆದ್ದರಿಂದ ಇಂಧನದ ಖರ್ಚೊಂದನ್ನೇ ನೋಡಿ ತೀರ್ಮಾನಿಸಬೇಡ. ದಿನವೂ ಗಾಡಿ ಎಷ್ಟು ದೂರ ನಿಲ್ಲದೆ ಓಡುತ್ತದೆ ಎಂಬುದನ್ನು ಮೊದಲು ನೋಡು.

ಇದನ್ನು ನಾನು ಕೈಸುಟ್ಟುಕೊಂಡು ಕಲಿತೆ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರ್ ಬಂತು. ಮೆಕ್ಯಾನಿಕ್‌ಗಳು ಡಿಪಿಎಫ್ ಎನ್ನುವುದು ಅದನ್ನೇ. ತುಂಬಿದ ಮಸಿಯನ್ನು ಅದು ತಾನೇ ಸುಟ್ಟುಕೊಳ್ಳಬೇಕು, ಸುಡಲು 600 ಡಿಗ್ರಿಯ ಆಸುಪಾಸಿನ ಶಾಖ ಬೇಕು, ಅಷ್ಟು ಶಾಖ ಬರಲು ಗಾಡಿ ಸ್ವಲ್ಪ ಹೊತ್ತು ಒಂದೇ ಸಮನೆ ಓಡಬೇಕು. ನನ್ನ ಡೀಸೆಲ್ ಗಾಡಿಯೋ ಪೀಣ್ಯದಿಂದ ರಾಜಾಜಿನಗರಕ್ಕೆ, ಅಲ್ಲಿಂದ ಯಶವಂತಪುರಕ್ಕೆ, ನಾಲ್ಕು ಕಿಲೋಮೀಟರಿಗೊಮ್ಮೆ ನಿಂತು ಸರಕು ಇಳಿಸುತ್ತಾ, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಎಂಜಿನ್ ಗುಡುಗುಡು ಎನ್ನುತ್ತಾ ನಿಲ್ಲುವ ಗಾಡಿ. ಎರಡನೆಯ ವರ್ಷದಲ್ಲಿ ಡ್ಯಾಶ್‌ಬೋರ್ಡಿನ ದೀಪ ಹತ್ತಿತು, ಎಳೆತ ಕುಗ್ಗಿತು. ಮಾರುವಾಗ ಶೋರೂಮಿನವರು ಈ ವಿಷಯವನ್ನು ಒಂದು ಮಾತಿನಲ್ಲೂ ಹೇಳಿರಲಿಲ್ಲ. ಆಮೇಲೆ ತಿಂಗಳಿಗೆ ಎರಡು ಬಾರಿ, ರಾತ್ರಿ ಹತ್ತರ ನಂತರ, ಫಿಲ್ಟರ್ ಸುಡಿಸುವುದಕ್ಕೆಂದೇ ಖಾಲಿ ಗಾಡಿಯನ್ನು ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿಸಿ ತಿರುಗಿಸಿಕೊಂಡು ಬರುತ್ತಿದ್ದೆ. ಆ ಡೀಸೆಲ್ಲಿನ ದುಡ್ಡನ್ನು ಯಾವ ಮೈಲೇಜ್ ಲೆಕ್ಕಕ್ಕೂ ನಾನು ಸೇರಿಸಿರಲಿಲ್ಲ.

ನಿನ್ನ ದಿನಚರಿಯೂ ಹೆಚ್ಚು ಬೇರೆಯಲ್ಲ. ಮಲ್ಲೇಶ್ವರದಲ್ಲಿ ಹತ್ತು ಕುಂಡ, ಸದಾಶಿವನಗರದಲ್ಲಿ ಎರಡು ಮೂಟೆ ಗೊಬ್ಬರ, ಯಲಹಂಕದ ಅಪಾರ್ಟ್‌ಮೆಂಟಿನ ತಾರಸಿಗೆ ಒಂದಿಷ್ಟು ಸಸಿ. ಹೀಗೆ ನಿಂತು ನಿಂತು ಓಡುವ ಗಾಡಿಗೆ ಗ್ಯಾಸೇ ಸರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಆದರೂ ಗ್ಯಾಸಿನ ತೊಡಕುಗಳನ್ನು ಮುಚ್ಚಿಟ್ಟರೆ ನಾನೂ ಆ ಶೋರೂಮಿನವರಂತೆಯೇ ಆದೇನು. ಸಿಲಿಂಡರಿನ ತೂಕ ನಿನ್ನ ಸರಕಿನ ತೂಕವನ್ನು ತಿನ್ನುತ್ತದೆ: ಮಾರುತಿ ಸೂಪರ್ ಕ್ಯಾರಿ ಪೆಟ್ರೋಲಿನಲ್ಲಿ 740 ಕೆಜಿ ಹೊರುವಂಥದ್ದು, ಸಿಎನ್‌ಜಿಯಲ್ಲಿ 625 ಕೆಜಿಗೆ ಇಳಿಯುತ್ತದೆ. ಹನ್ನೆರಡು ಇಂಚಿನ ಕುಂಡವೊಂದು ನೀರು ಕುಡಿದ ಕೆಮ್ಮಣ್ಣಿನೊಂದಿಗೆ 20 ಕೆಜಿಯನ್ನು ಸುಲಭವಾಗಿ ದಾಟುವುದರಿಂದ, ಮೂವತ್ತು ಕುಂಡಕ್ಕೇ ಅದರ ಮಿತಿ ಮುಗಿಯಿತು. ಆದ್ದರಿಂದ ನೀನು ನೋಡಬೇಕಾದದ್ದು ಟಾಟಾ ಇಂಟ್ರಾ ವಿ20ಯಂತಹ, ಒಂದು ಟನ್ ಹೊರುವ, ಗ್ಯಾಸ್ ಮುಗಿದರೆ ಪೆಟ್ರೋಲಿನಲ್ಲಿ ಮನೆ ಸೇರಿಸುವ ಗಾಡಿಯನ್ನು. ಇನ್ನೊಂದು ಸಂಗತಿ, ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತರಲ್ಲಿ ಒಂದು ಪಾಲು ತೆಳು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಡೀಸೆಲ್ಲಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ಟರ್ಬೊ ಇಲ್ಲದ ಗ್ಯಾಸ್ ಎಂಜಿನ್, ಮೊದಲೇ ಎಳೆತ ಕಡಿಮೆಯದು, ತುಂಬಿದ ಗಾಡಿಯನ್ನು ಮೇಲುಸೇತುವೆ ಹತ್ತಿಸುವಾಗ ಎರಡನೆಯ ಗೇರನ್ನು ಕೇಳುತ್ತದೆ. ಅದು ಎಂಜಿನ್ನಿನ ದೋಷವಲ್ಲ, ಗಾಬರಿಯಾಗಬೇಡ.

ಗ್ಯಾಸ್ ತುಂಬಿಸುವುದಕ್ಕೂ ಒಂದು ಹದವಿದೆ. ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ಗ್ಯಾಸ್ ತುಂಬುತ್ತಾರೆ; ವೇಗವಾಗಿ ತುಂಬುವಾಗ ಅದು ಬಿಸಿಯಾಗುವುದರಿಂದ ಒತ್ತಡ ಬೇಗ ಮುಟ್ಟಿ, ತೂಕ ಕಡಿಮೆ ಬರುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ತುಂಬಿಸಿದರೆ ನಷ್ಟ ಇನ್ನೂ ಹೆಚ್ಚು. ಬೆಳಗಿನ ಜಾವ ತುಂಬಿಸಿದರೆ ಗ್ಯಾಸೂ ಹೆಚ್ಚು ಹಿಡಿಯುತ್ತದೆ, ಆಟೊಗಳ ಸಾಲೂ ಚಿಕ್ಕದಿರುತ್ತದೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಒತ್ತಡ ಪರೀಕ್ಷೆ ಕಡ್ಡಾಯ. ಆ ದಿನಾಂಕವನ್ನು ಇನ್ಶೂರೆನ್ಸ್ ದಿನಾಂಕದ ಪಕ್ಕದಲ್ಲೇ ಬರೆದಿಟ್ಟುಕೋ. ಸಿಎನ್‌ಜಿ ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೇರುತ್ತದೆ, ಹಾಗಾಗಿ ನಿನ್ನ ತಗಡಿನ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವೆಯಾದರೆ ಮಾಡಿನ ಎಲ್ಲಕ್ಕಿಂತ ಎತ್ತರದ ಕಡೆ ಗಾಳಿ ಹೋಗಲು ಜಾಗ ಬಿಡಿಸು. ಹಣ ಉಳಿಯುತ್ತದೆಂದು ಯಾರಾದರೂ ಹಳೆಯ ಗಾಡಿಗೆ ಅನುಮತಿಯಿಲ್ಲದ ಗ್ಯಾಸ್ ಕಿಟ್ ಹಾಕಿಸಿಕೊಡುತ್ತೇನೆಂದರೆ ದಯವಿಟ್ಟು ಕೇಳಬೇಡ.

ನೀನು ವಾರಕ್ಕೊಮ್ಮೆ ತಿಪಟೂರಿನಿಂದ ತೆಂಗಿನ ನಾರಿನ ಪುಡಿ ತರಿಸುವ ವಿಚಾರವನ್ನೂ ಬರೆದಿದ್ದೆ. ಹೋಗಿ ಬರಲು ಸುಮಾರು 300 ಕಿಲೋಮೀಟರಾಗುವ, ಹೊರೆ ತುಂಬಿದ ಆ ಹೆದ್ದಾರಿ ಪ್ರಯಾಣ ಡೀಸೆಲ್ಲಿಗೇ ಹೇಳಿ ಮಾಡಿಸಿದ್ದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ದಿನದ ಕೆಲಸಕ್ಕಾಗಿ ಆರು ದಿನ ಮಸಿ ಕಟ್ಟಿಕೊಳ್ಳುವ ಗಾಡಿ ಸಾಕುವುದಕ್ಕಿಂತ, ಆ ಒಂದು ಸರದಿಗೆ ಅಲ್ಲಿಯವರದೇ ಡೀಸೆಲ್ ಗಾಡಿಯನ್ನು ಬಾಡಿಗೆಗೆ ಗೊತ್ತುಮಾಡುವುದು ಮೇಲು. ಮುಂದೆ ಆ ಸರದಿ ವಾರಕ್ಕೆ ಮೂರಾದರೆ ನನ್ನ ಮಾತನ್ನು ಬಿಟ್ಟು ಡೀಸೆಲನ್ನೇ ಕೊಳ್ಳು.

ಮುಂಗಡ ಕೊಡುವ ಮೊದಲು ನಿನ್ನ ನರ್ಸರಿಗೆ ಹತ್ತಿರದ ಸಿಎನ್‌ಜಿ ಬಂಕಿಗೆ ಬೆಳಗ್ಗೆ ಆರಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ ಹೋಗಿ, ಎಷ್ಟು ಹೊತ್ತು ಕಾಯಬೇಕಾಗುತ್ತದೆ, ಒತ್ತಡ 200 ಮುಟ್ಟುತ್ತದೆಯೇ ಎಂದು ಕೇಳಿ ಬಾ. ಭಾನುವಾರ ನಾನೂ ಬಿಡುವಾಗಿದ್ದೇನೆ. ಮೂವತ್ತು ಕುಂಡ ಹೇರಿಕೊಂಡೇ ಗಾಡಿ ಓಡಿಸಿ ನೋಡೋಣ.

ಇಂತಿ,
ನಿನ್ನ ಪೀಣ್ಯದ ಗೆಳೆಯ