ಕ್ಯಾನ್ಸರ್ ಶುರುವಾಗುವುದು ಹೇಗೆ: ಫಾರ್ವರ್ಡ್ ಮಾಡುವ ಮೊದಲು ಇದನ್ನೊಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಕ್ಯಾನ್ಸರ್ ಬಗ್ಗೆ ಒಂದರ ಮೇಲೊಂದು ಸಂದೇಶ ಬರ್ತಾ ಇವೆ. ಓದಿ ಹೆದರಿದವರೂ ಇದ್ದಾರೆ, ಅದಕ್ಕೇ ಬರೀತಿದ್ದೇನೆ.

ಬೆರಳು ಕೊಯ್ದುಕೊಂಡಾಗ ಗಮನಿಸಿ. ಗಾಯದ ಅಂಚಿನ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದು ಗಾಯ ಮುಚ್ಚುತ್ತವೆ. ಮುಚ್ಚಿದ ಮೇಲೆ ನಿಲ್ಲುತ್ತವೆ. ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬುದೆಲ್ಲ ಕೋಶದೊಳಗಿನ ಸೂಚನೆಗಳ ಬರಹವಾದ ಡಿಎನ್‌ಎಯಲ್ಲಿ ಬರೆದಿರುತ್ತದೆ. ಕೋಶ ಎರಡಾಗುವಾಗಲೆಲ್ಲ ಸುಮಾರು 600 ಕೋಟಿ ಅಕ್ಷರಗಳ ಆ ಬರಹ ನಕಲಾಗಬೇಕು. ತಪ್ಪು ನುಸುಳದೇ ಇರುತ್ತದೆಯೇ? ಹೆಚ್ಚಿನವನ್ನು ಕೋಶವೇ ತಿದ್ದಿಕೊಳ್ಳುತ್ತದೆ, ತಿದ್ದಲಾಗದಿದ್ದರೆ ಎಷ್ಟೋ ಸಲ ತಾನೇ ಸಾಯುತ್ತದೆ. ಈ ಕಾವಲಿನಲ್ಲಿ ಪಿ53 ಎಂಬ ಪ್ರೋಟೀನಿನ ಪಾತ್ರ ದೊಡ್ಡದು. ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಅದರ ಜೀನ್ (ಅದನ್ನು ತಯಾರಿಸುವ ಸೂಚನೆಯಿರುವ ಡಿಎನ್‌ಎ ಭಾಗ) ಕೆಟ್ಟಿರುತ್ತದೆ.

ಕ್ಯಾನ್ಸರ್ ಶುರುವಾಗಲು, ಅಂದರೆ ಕೋಶ ನಿಲ್ಲದೆ ಬೆಳೆಯತೊಡಗಲು, ಸಾಮಾನ್ಯವಾಗಿ ಇಂಥ ಒಂದು ತಪ್ಪು ಸಾಲದು. ಒಂದೇ ಕೋಶದ ಸಂತತಿಯಲ್ಲಿ ವರ್ಷಗಟ್ಟಲೆ ಹಲವು ತಪ್ಪುಗಳು ಕೂಡಿಕೊಳ್ಳಬೇಕು. ವಯಸ್ಸಾದಂತೆ ಕ್ಯಾನ್ಸರ್ ಹೆಚ್ಚುವುದು ಇದಕ್ಕೇ. ತಂಬಾಕು, ಮದ್ಯ, ಬಿಸಿಲಿನ ಅತಿನೇರಳೆ ಕಿರಣ, ಎಚ್‌ಪಿವಿಯಂಥ ಕೆಲವು ವೈರಸ್‌ಗಳು ಈ ಹಾನಿಯನ್ನು ಹೆಚ್ಚಿಸುತ್ತವೆ. ಇವೇನೂ ಇಲ್ಲದವರಿಗೂ ಬರುವುದುಂಟು, ಹಾಗಾಗಿ ರೋಗಿಯನ್ನು ದಯವಿಟ್ಟು ದೂರಬೇಡಿ.

ಎಲ್ಲ ಗಡ್ಡೆಯೂ ಕ್ಯಾನ್ಸರ್ ಅಲ್ಲ. ಅಕ್ಕಪಕ್ಕದ ಅಂಗಾಂಶಕ್ಕೆ ನುಗ್ಗಿ, ರಕ್ತ ಅಥವಾ ದುಗ್ಧರಸದ (ಲಿಂಫ್ ಎಂಬ ದೇಹದ್ರವದ) ಜೊತೆ ಬೇರೆ ಅಂಗಕ್ಕೆ ಹೋಗಿ ಬೇರೂರಬಲ್ಲದ್ದು ಕ್ಯಾನ್ಸರ್. ಜೊತೆಗೆ ಕೂತು ಉಂಡರೆ, ಕೈ ಹಿಡಿದರೆ ಅಂಟುವುದಿಲ್ಲ.

ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಹೊಸ ಗಂಟು, ಕಾರಣವಿಲ್ಲದೆ ರಕ್ತ ಹೋಗುವುದು ಅಥವಾ ತೂಕ ಇಳಿಯುವುದು ಕಂಡರೆ ಗುಂಪಿನಲ್ಲಿ ಮದ್ದು ಕೇಳಬೇಡಿ, ವೈದ್ಯರಿಗೆ ತೋರಿಸಿ.