ನೆರೆ ಇಳಿದ ಮೇಲೂ ಬಂದವರಿಗೆ

ಹೋದ ತಿಂಗಳು ನಮ್ಮ ಹೊಸ ಮನೆಯ ಶಾಂತಿ ಮುಗಿಯಿತು. ಗದಗ ಜಿಲ್ಲೆಯಲ್ಲಿ ಮಲಪ್ರಭೆ ದಂಡೆಯ ಊರು ನಮ್ಮದು. 2019ರ ಆಗಸ್ಟ್ ನೆರೆಯಲ್ಲಿ ಬಿದ್ದ ಮನೆ ಈಗ ಮತ್ತೆ ಎದ್ದು ನಿಂತಿದೆ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ನನಗೂ ಗದಗದ ಒಂದು ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿದೆ. ಶಾಂತಿಗೆ ಬಂದವರಿಗೆಲ್ಲ ಅಪ್ಪ, ಅವ್ವ ಕೈ ಮುಗಿದು ಊಟಕ್ಕೆ ಕೂರಿಸಿದರು. ಆದರೆ ಆ ಪಂಕ್ತಿಯಲ್ಲಿ ಕೂರಬೇಕಿದ್ದ ಎಷ್ಟೋ ಜನ ಅಲ್ಲಿರಲಿಲ್ಲ. ಕೆಲವರ ಹೆಸರೇ ನಮಗೆ ಗೊತ್ತಿಲ್ಲ. ಗೊತ್ತಿರುವವರು ಹೆಸರು ಹಾಕಬೇಡ ಎಂದಿದ್ದಾರೆ. ಹಾಗಾಗಿ ಹೆಸರಿಲ್ಲದೆಯೇ, ಎಲ್ಲರೆದುರು ಥ್ಯಾಂಕ್ಸ್ ಹೇಳುತ್ತಿದ್ದೇನೆ.

ಆ ವರ್ಷ ಮಲಪ್ರಭೆಯ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಿದ್ದರು. ಇತ್ತ ಬೆಣ್ಣಿಹಳ್ಳವೂ ತುಂಬಿ ಬಂತು. ಶಿಗ್ಗಾವಿ ತಾಲ್ಲೂಕಿನ ದುಂಡಶಿ ಕಡೆ ಹುಟ್ಟುವ ಈ ಹಳ್ಳ ಮೆಣಸಗಿ ಹತ್ತಿರ ಮಲಪ್ರಭೆ ಸೇರುತ್ತದೆ. ಎರಡೂ ಒಟ್ಟಿಗೆ ಉಕ್ಕಿದರೆ ರೋಣ, ನರಗುಂದ ತಾಲ್ಲೂಕಿನ ದಂಡೆಯ ಊರುಗಳ ಗತಿ ಅಷ್ಟೇ. ನಮ್ಮದು ಮಣ್ಣಿನ ಗೋಡೆ, ಮೇಲ್ಮುದ್ದೆಯ (ಮಣ್ಣಿನ ಮಾಳಿಗೆಯ) ಮನೆ. ಇಂಥ ಮನೆಗಳು ಎಷ್ಟೋ ಸಲ ನೀರು ನಿಂತಾಗ ಬೀಳುವುದಿಲ್ಲ. ನೀರು ಇಳಿದು, ನೆನೆದ ಗೋಡೆ ಭಾರ ತಡೆಯಲಾಗದೆ ಆಮೇಲೆ ಕುಸಿಯುತ್ತವೆ. ನಮ್ಮದೂ ಹಾಗೇ ಆಯಿತು. ಟಿವಿಯವರು ಬಂದು ಹೋಗಿಯಾಗಿತ್ತು. ನಾವು ಇನ್ನೇನು ಮನೆ ತೊಳೆಯಬೇಕು ಅಂತ ಹೊರಟಾಗ ಪಡಸಾಲೆಯ ಗೋಡೆ ಕೂತುಬಿಟ್ಟಿತು.

ಮೊದಲ ಕೃತಜ್ಞತೆ ರೊಟ್ಟಿ ಕಳಿಸಿದ ತಾಯಂದಿರಿಗೆ. ನೀರು ಬರದ ಊರುಗಳಲ್ಲಿ ಮನೆ ಮನೆಯವರು ಖಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ, ಅಗಸಿ ಹಿಂಡಿ ಜೊತೆ ಗಂಟು ಕಟ್ಟಿ ಟ್ರ್ಯಾಕ್ಟರ್, ಟಂಟಂಗಳಲ್ಲಿ ಕಳಿಸಿದ್ದರು. ಅನ್ನ ತಂದವರಿಗೂ ನಾವು ಋಣಿ. ಆದರೆ ಅನ್ನ ಸಂಜೆಗೆ ಹಳಸುತ್ತದೆ. ಖಡಕ್ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ, ಬಿಸಿ ಮಾಡಬೇಕಿಲ್ಲ, ತಟ್ಟೆಯೂ ಬೇಡ. ಒಲೆ ಹಚ್ಚಲು ಒಣ ಕಟ್ಟಿಗೆಯೇ ಇಲ್ಲದ ಊರಿಗೆ ಏನು ಕಳಿಸಬೇಕು ಎಂದು ಆ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರಿಗೇ ಗೊತ್ತಿತ್ತು.

ಅದರ ಹಿಂದೆ ಬಟ್ಟೆ ಬಂತು. ಲಾರಿಗಟ್ಟಲೆ. ಕೊಟ್ಟವರ ಮನಸ್ಸು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಂಜಿ ಕೇಂದ್ರವಾಗಿದ್ದ ಶಾಲೆಯ ವರಾಂಡದಲ್ಲಿ ಜೀನ್ಸ್ ಪ್ಯಾಂಟು, ಮದುವೆ ಸೂಟು, ಹರಿದ ಸೀರೆ ಎಲ್ಲ ಒಂದೇ ರಾಶಿಯಾಗಿ ಬಿದ್ದಿದ್ದವು. ಆ ರಾಶಿ ಕೆದಕಲು ನಮ್ಮ ಊರಿನ ಹೆಂಗಸರಿಗೆ ನಾಚಿಕೆ. ನಿಜಕ್ಕೂ ಬೇಕಿದ್ದದ್ದು ಲಂಗ, ಒಳ ಉಡುಪು, ಪ್ಯಾಡು. ಅದನ್ನು ಯಾರ ಹತ್ತಿರ ಕೇಳುವುದು? ಅಲ್ಲಿ ಹಂಚುತ್ತಿದ್ದವರೆಲ್ಲ ಗಂಡಸರೇ.

ಆಗ ಧಾರವಾಡದಿಂದ ಒಂದು ಸಣ್ಣ ಟ್ರಸ್ಟಿನವರು ಬಂದರು. ಅವರಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಇದ್ದರು. ಕೈಯಲ್ಲಿ ಒಂದು ನೂರು ಪುಟದ ನೋಟ್‌ಬುಕ್, ಅಷ್ಟೇ. ಬೇರೆ ಏನನ್ನೂ ತಂದಿರಲಿಲ್ಲ. ಹೆಂಗಸರನ್ನು ಶಾಲೆಯ ಹಿಂದಿನ ಕೋಣೆಗೆ ಕರೆದು ಕೂರಿಸಿಕೊಂಡು ಕೇಳಿದರು: “ನಾವ್ ಏನ್ ಕೊಡ್ತೀವಿ ಅಂತ ನೋಡಬ್ಯಾಡ್ರಿ. ನಿಮಗ ಏನ್ ಬೇಕಾಗೇತಿ ಅದನ್ನ ಹೇಳ್ರಿ.”

ಅವ್ವ ಹೇಳಿದ್ದು ನನಗೆ ಇನ್ನೂ ನೆನಪಿದೆ. “ಎತ್ತಿಗೆ ಹೊಟ್ಟಿಗಿಲ್ರೀ ಅಕ್ಕೋರ. ನಾವ್ ಹೆಂಗರ ಇರ್ತೀವಿ.”

ಅದನ್ನೂ ಬರೆದುಕೊಂಡರು. ಒಬ್ಬೊಬ್ಬರ ಹೆಸರಿನ ಮುಂದೆ ಒಂದೊಂದು ಸಾಲು. ಅಜ್ಜಿಗೆ ಕನ್ನಡಕ. ಪಕ್ಕದ ಮನೆಯ ಕಾಕಾಗೆ ಬಿ.ಪಿ. ಗುಳಿಗೆ. ಇನ್ನೊಬ್ಬರಿಗೆ ಹೊಲದ ಉತಾರ, ಅಂದರೆ ಪಹಣಿ. ನನ್ನ ಹೆಸರಿನ ಮುಂದೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ಮತ್ತೆ ಬಂದಾಗ ಅದೇ ನೋಟ್‌ಬುಕ್ ತೆಗೆದು ಹೆಸರು ಕರೆದು ಕೊಟ್ಟರು. ಟ್ರ್ಯಾಕ್ಟರಿನಲ್ಲಿ ಜೋಳದ ಕಣಿಕೆ ಬಂದಿತ್ತು. ನಮ್ಮ ಬಣವೆ ಪೂರ್ತಿ ಕೊಚ್ಚಿಹೋಗಿದ್ದರಿಂದ ಎತ್ತು ಮಾರುವ ಮಾತು ಮನೆಯಲ್ಲಿ ಶುರುವಾಗಿತ್ತು. ನೆರೆ ಬಂದ ಊರಿನ ಎತ್ತಿಗೆ ಸಂತೆಯಲ್ಲಿ ಅರ್ಧ ರೇಟೂ ಸಿಗುವುದಿಲ್ಲ. ಎತ್ತು ಹೋದರೆ ಹಿಂಗಾರಿ ಬಿತ್ತನೆ ಹೋಯಿತು, ಬಿತ್ತನೆ ಹೋದರೆ ವರ್ಷವೇ ಹೋಯಿತು. ಆ ಕಣಿಕೆಯಿಂದ ಎತ್ತು ಉಳಿದವು. ಆಮೇಲೆ ಅವರೇ ಕಡಲೆ ಬೀಜ ಕೊಡಿಸಿದರು. ಹೆಸರು ಬೆಳೆ ನೀರುಪಾಲಾಗಿದ್ದ ಅದೇ ಎರೆಹೊಲದಲ್ಲಿ ಆ ಸಲ ಕಡಲೆ ಬಂತು. ಅಪ್ಪ ಸಾಲಕ್ಕೆ ಬೇರೆಯವರ ಮನೆ ಬಾಗಿಲಿಗೆ ಹೋಗಲಿಲ್ಲ.

ಕೇಳಿ ಕೊಡುವುದು ಎಷ್ಟು ಮುಖ್ಯ ಎಂಬುದು ನಮ್ಮ ಭಾಗದವರಿಗೆ ಗೊತ್ತು. 2009ರ ನೆರೆಯ ನಂತರ ಆಸರೆ ಯೋಜನೆಯಲ್ಲಿ ಕಂಪನಿಗಳು, ಮಠಗಳು, ಸಂಘ ಸಂಸ್ಥೆಗಳು ಸರ್ಕಾರದ ಜೊತೆ ಕೈಜೋಡಿಸಿ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮನೆ ಕಟ್ಟಿಸಿದವು. ಬಹಳ ದೊಡ್ಡ ಕೆಲಸ ಅದು. ಆದರೂ ಕೆಲವು ಕಡೆ ಜನ ಆ ಮನೆಗಳಿಗೆ ಹೋಗಲಿಲ್ಲ. ಹೊಲ ದೂರವಾಯಿತು, ಎತ್ತು ಕಟ್ಟಲು ಜಾಗ ಇಲ್ಲ, ಮೇವು ಒಟ್ಟಲು ಜಾಗ ಇಲ್ಲ. ಒಕ್ಕಲುತನದವರಿಗೆ ದನ ಕಟ್ಟಲಾಗದ ಮನೆ ಅರ್ಧ ಮನೆ.

2019ರಲ್ಲಿ ಪೂರ್ತಿ ಬಿದ್ದ ಮನೆಗಳಿಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆ ದುಡ್ಡಿಲ್ಲದೆ ನಮ್ಮ ಮನೆ ಆಗುತ್ತಲೇ ಇರಲಿಲ್ಲ. ಆದರೆ ಅದು ಕಂತಿನಲ್ಲಿ ಬರುತ್ತದೆ. ಪಾಯ ಮುಗಿಸಿ ಫೋಟೋ ಆದ ಮೇಲೆ ಒಂದು, ಗೋಡೆ ಎದ್ದ ಮೇಲೆ ಇನ್ನೊಂದು. ಒಂದು ಕಂತಿಗೂ ಇನ್ನೊಂದು ಕಂತಿಗೂ ನಡುವೆ ಗೌಂಡಿ ಸುಮ್ನೆ ಕಾಯುತ್ತಾ ಕೂರುತ್ತಾನಾ? ಅವನಿಗೂ ಸಂಸಾರ ಇದೆ. ಜೊತೆಗೆ ನಮ್ಮ ಅರ್ಜಿ ಒಂದು ಕಚೇರಿಯಲ್ಲಿ ಬಹಳ ದಿನ ಸಿಕ್ಕಿಕೊಂಡಿತ್ತು. ಆಮೇಲೆ ಕೊರೊನಾ. ನಾವು ತಗಡಿನ ಶೆಡ್ಡಿನಲ್ಲೇ ಇದ್ದೆವು. ಗದಗ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಕೆಳಗೆ ಮಧ್ಯಾಹ್ನ ಕಳೆಯುವುದು ಹೇಗಿರುತ್ತದೆ ಎಂದು ಅಲ್ಲಿ ಇದ್ದವರಿಗೇ ಗೊತ್ತು. ಆ ಟ್ರಸ್ಟಿನವರು ಆಗಲೂ ಫೋನ್ ಮಾಡುತ್ತಿದ್ದರು. ಕಂತು ತಡವಾದಾಗ ಗೌಂಡಿಯ ಕೂಲಿಗೆ ಬಡ್ಡಿಯಿಲ್ಲದೆ ದುಡ್ಡು ಕೊಟ್ಟರು. ಕಡಲೆ ಮಾರಿದಾಗ ಅಪ್ಪ ತೀರಿಸುತ್ತಾ ಬಂದರು. ಹುಬ್ಬಳ್ಳಿಯ ಒಬ್ಬ ಎಂಜಿನಿಯರ್ ಅಣ್ಣ ಫೀ ತೆಗೆದುಕೊಳ್ಳದೆ ನಕಾಶೆ ಮಾಡಿಕೊಟ್ಟರು. ಅವರು ಅಪ್ಪನಿಗೆ ಕೇಳಿದ ಮೊದಲ ಪ್ರಶ್ನೆ, “ಕಾಕಾ, ಎತ್ತು ಎಲ್ಲಿ ಕಟ್ಟತೀರಿ?” ಈಗ ನಮ್ಮ ಮನೆಗೆ ಗಾಳಿ ಆಡುವ ಕೊಟ್ಟಿಗೆ ಇದೆ, ಎತ್ತರದ ಪಾಯ ಇದೆ. ಅಣ್ಣ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ.

ಇನ್ನು ನನ್ನ ಓದು. ನೆರೆ ಬಂದಾಗ ನಾನು ಪಿಯುಸಿ ಎರಡನೇ ವರ್ಷ. ಪುಸ್ತಕ ಹೋಗಿದ್ದವು, ಮಾರ್ಕ್ಸ್ ಕಾರ್ಡ್ ನೆನೆದು ಮುದ್ದೆಯಾಗಿತ್ತು. ಡುಪ್ಲಿಕೇಟ್ ಕಾರ್ಡಿಗೆ ಅರ್ಜಿ ತುಂಬಿಸಲು, ಆಧಾರ್, ರೇಷನ್ ಕಾರ್ಡ್ ಮತ್ತೆ ಮಾಡಿಸಲು ಹುಬ್ಬಳ್ಳಿಯ ಕಾಲೇಜು ಹುಡುಗರು ಲ್ಯಾಪ್‌ಟಾಪ್, ಪ್ರಿಂಟರ್ ಹೊತ್ತುಕೊಂಡು ಬಂದು ಶಾಲೆಯ ಕಟ್ಟೆಯ ಮೇಲೆ ಕೂತಿದ್ದರು. ಪರಿಹಾರದ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಮೊದಲು ಕಾಗದ ಬೇಕಲ್ವಾ? ನನ್ನ ಲೆಕ್ಕದಲ್ಲಿ ಆ ಹುಡುಗರು ಕೊಟ್ಟದ್ದು ದುಡ್ಡಿಗಿಂತ ಜಾಸ್ತಿ.

ಆಮೇಲೆ ಡಿಗ್ರಿ, ಬಿ.ಇಡಿ. ಎಲ್ಲ ಧಾರವಾಡದಲ್ಲಿ, ಹೆಣ್ಣುಮಕ್ಕಳ ಒಂದು ಉಚಿತ ಹಾಸ್ಟೆಲಿನಲ್ಲಿ. ಧಾರವಾಡಕ್ಕೆ ಇದು ಹೊಸದಲ್ಲ. ಮುರುಘಾ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳ್ಳಿ ಮಕ್ಕಳು ತಲೆಮಾರುಗಳಿಂದ ಇದ್ದಾರೆ. ನಾನಿದ್ದದ್ದು ಹೆಸರಿಲ್ಲದ ಸಣ್ಣ ಹಾಸ್ಟೆಲ್. ಅಲ್ಲಿ ಇದ್ದು ಒಂದು ವಿಷಯ ನೋಡಿದೆ. ಹೋಳಿಗೆ ಊಟ ಹಾಕಿಸುವವರಿಗೆ ಕೊರತೆ ಇರಲಿಲ್ಲ. ಹುಟ್ಟುಹಬ್ಬ, ಪುಣ್ಯತಿಥಿ, ಭಾನುವಾರ ಬಂದರೆ ಎರಡೆರಡು ಕಡೆಯಿಂದ ಸಿಹಿ. ಆದರೆ ಅಡುಗೆ ಅಕ್ಕನ ಪಗಾರ, ಕರೆಂಟ್ ಬಿಲ್, ಕೆಟ್ಟ ಬೋರ್‌ವೆಲ್ ಮೋಟಾರು, ಇವಕ್ಕೆ ಕೊಡುವವರು ಬಹಳ ಕಮ್ಮಿ. ಮೋಟಾರಿನ ಜೊತೆ ಫೋಟೋ ತೆಗೆಸಿಕೊಳ್ಳಲು ಯಾರಿಗೆ ಮನಸ್ಸಾಗುತ್ತದೆ? ಆದರೆ ಮೋಟಾರು ನಿಂತ ದಿನ ಪರೀಕ್ಷೆ ಇದ್ದರೂ ನಾವು ಕೊಡ ಹಿಡಿದು ಓಡುತ್ತಿದ್ದೆವು.

ಅದಕ್ಕೆ, ಸಂಸ್ಥೆಗಳಿಗೆ ಕೊಡಬೇಕು ಎಂದುಕೊಂಡಿರುವವರಲ್ಲಿ ನನ್ನ ವಿನಂತಿ ಇಷ್ಟು. ಸಾಧ್ಯವಾದರೆ ‘ಇದಕ್ಕೇ ಖರ್ಚು ಮಾಡಿ’ ಎಂಬ ಷರತ್ತಿಲ್ಲದೆ ಕೊಡಿ. ಒಂದೇ ಸಲ ದೊಡ್ಡದು ಕೊಡಲಾಗದಿದ್ದರೆ ಬೇಜಾರು ಬೇಡ, ತಿಂಗಳಿಗೆ ಸ್ವಲ್ಪ ಕೊಡಿ. ಪ್ರತಿ ತಿಂಗಳು ತಪ್ಪದೆ ಬರುವ 200 ರೂಪಾಯಿಯನ್ನು ನಂಬಿ ಹಾಸ್ಟೆಲಿನವರು ಇನ್ನೊಬ್ಬ ಹುಡುಗಿಗೆ ‘ಬಾ’ ಎನ್ನಬಹುದು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಮಠಕ್ಕೆ, ಆಶ್ರಮಕ್ಕೆ ಚೀಲ ಜೋಳ ಕಳಿಸುವ ರೂಢಿ ಹುಟ್ಟಿದ್ದೂ ಇದೇ ಲೆಕ್ಕದಿಂದ ಇರಬೇಕು. ಗದಗದ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಕಣ್ಣು ಕಾಣದ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ, ಸಂಗೀತ ಎರಡೂ ಕೊಡಲು ಪಂಚಾಕ್ಷರಿ ಗವಾಯಿಗಳು ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಅವರ ನಂತರ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಕೆಲಸ ನಡೆಸಿದರು. ಟಿಕೆಟ್ ಕೊಂಡು ನಾಟಕ ನೋಡಿದ ಸಾಮಾನ್ಯ ಜನರ ಚಿಲ್ಲರೆ ದುಡ್ಡಿಗೂ ಅದರಲ್ಲಿ ಪಾಲಿದೆ.

ಕೊಡುವ ಮುಂಚೆ ಒಂದು ಸಲ ಹೋಗಿ ನೋಡಿ. ಲೆಕ್ಕಪತ್ರ ಕೇಳಿ. ಒಳ್ಳೆಯ ಸಂಸ್ಥೆಯವರು ಕೇಳಿದರೆ ಸಿಟ್ಟಾಗುವುದಿಲ್ಲ, ಖುಷಿಯಿಂದ ತೋರಿಸುತ್ತಾರೆ. ರಸೀದಿ ತೆಗೆದುಕೊಳ್ಳಿ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ‘80ಜಿ’ ಎಂಬ ಆದಾಯ ತೆರಿಗೆ ನೋಂದಣಿ ಇರುವ ಸಂಸ್ಥೆಗೆ ಕೊಟ್ಟರೆ ವಿನಾಯಿತಿ ಸಿಗುತ್ತದೆ, ಆದರೆ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಸಿಗುವುದಿಲ್ಲ. ಬ್ಯಾಂಕಿನಿಂದಲೇ ಹಾಕುವುದು ಇಬ್ಬರಿಗೂ ಒಳ್ಳೆಯದು. ದುಡ್ಡು ಕೊಡಲಾಗದವರು ಕೆಲಸ ಕೊಡಬಹುದು. ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಆ ಹಣ ಕೇಳಲು ಬೇಕಾದ ನೋಂದಣಿ, ಆಡಿಟ್, ವರದಿ ಮಾಡುವವರು ಸಣ್ಣ ಟ್ರಸ್ಟುಗಳಲ್ಲಿ ಇರುವುದಿಲ್ಲ. ನೀವು ಅಕೌಂಟ್ಸ್ ಬಲ್ಲವರಾದರೆ ವರ್ಷಕ್ಕೆ ಕೆಲವು ಭಾನುವಾರ ಅಂಥವರ ಜೊತೆ ಕೂತುಬಿಡಿ. ನಮ್ಮ ಹಾಸ್ಟೆಲಿಗೆ ಹುಬ್ಬಳ್ಳಿಯ ಆಡಿಟರ್ ಒಬ್ಬರು ಹೀಗೇ ಮಾಡಿಕೊಡುತ್ತಾರೆ. ಸರ್, ನಿಮ್ಮ ಫೈಲುಗಳಿಂದ ಎಷ್ಟು ಹುಡುಗಿಯರು ಉಂಡು ಓದಿದ್ದಾರೆ ಎಂಬುದು ನಿಮಗೂ ಪೂರ್ತಿ ಗೊತ್ತಿರಲಿಕ್ಕಿಲ್ಲ.

ರೊಟ್ಟಿ ಕಳಿಸಿದ ಅವ್ವಂದಿರಿಗೆ, ನೋಟ್‌ಬುಕ್ ಹಿಡಿದು ಬಂದ ಅಕ್ಕೋರಿಗೆ, ಕಟ್ಟೆಯ ಮೇಲೆ ಕೂತ ತಮ್ಮಂದಿರಿಗೆ, ಅಡುಗೆ ಅಕ್ಕನಿಗೆ ನಮ್ಮ ಮನೆಯವರೆಲ್ಲರ ಶರಣು. ಜೂನ್‌ನಲ್ಲಿ ಹಾಸ್ಟೆಲಿಗೆ ಹೊಸ ಹುಡುಗಿಯರು ಬರುತ್ತಾರೆ. ನನ್ನ ಪಗಾರದಲ್ಲಿ ತಿಂಗಳಿಗೆ 500 ರೂಪಾಯಿ ಅಲ್ಲಿಗೆ ಹೋಗುತ್ತಿದೆ. ಅಡುಗೆ ಅಕ್ಕನ ಪಗಾರಕ್ಕೆ ಇನ್ನೂ ಕೆಲವರು ಬೇಕು. ಮನಸ್ಸಿದ್ದವರು ನನಗೆ ಒಂದು ಮೆಸೇಜ್ ಹಾಕಿ. ಹಾಸ್ಟೆಲ್ ನೋಡಬೇಕು ಎಂದರೆ ಭಾನುವಾರ ನಾನೇ ಕರೆದುಕೊಂಡು ಹೋಗುತ್ತೇನೆ.